ಅವ್ವನ ಫೋಟೋಕ್ಕೆ ಪರದೆ ಇಲ್ಲ

ಅವ್ವ ತೀರಿಕೊಂಡ ಹದಿನೈದನೇ ದಿನಕ್ಕೆ, ಆಕೆಯ ಮುಖಕ್ಕೆ ಪರದೆ ಹಾಕಬೇಕೆಂದು ನನಗೊಂದು ಪತ್ರ ಬಂತು. ಬರೆದವರು ಅವ್ವನನ್ನು ಕಂಡವರಲ್ಲ, ನಮ್ಮೂರನ್ನು ಕಂಡವರೂ ಅಲ್ಲ. ನಾಲ್ಕೇ ಸಾಲು, ಬಹಳ ಸಭ್ಯವಾದ ನಾಲ್ಕು ಸಾಲು. ಹಾಕುವುದಿಲ್ಲ ಎಂದು ನಾನು ಒಂದೇ ಸಾಲಿನಲ್ಲಿ ಬರೆದೆ. ಆಮೇಲೆ ಆದದ್ದನ್ನು ಈಗ ಬರೆಯುತ್ತಿದ್ದೇನೆ, ಯಾಕೆಂದರೆ ನನ್ನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಇಳಿಯಬೇಕೆಂಬ ಆಸೆಯೂ ನನಗಿಲ್ಲ.

ಮೊದಲು ಆ ಫೋಟೋದ ವಿಷಯ ಹೇಳಬೇಕು. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಇಡುವುದಿಲ್ಲ, ಕೂರಿಸುತ್ತೇವೆ. ಮೈ ತೊಳೆದು, ಹಣೆಗೆ ವಿಭೂತಿ ಎಳೆದು, ಎಡಗೈಯಲ್ಲಿ ಇಷ್ಟಲಿಂಗ ಇಟ್ಟು, ಬೆನ್ನು ಜಾರದಂತೆ ಬಟ್ಟೆಯಿಂದ ಬಿಗಿದು, ಪಡಸಾಲೆಯ ಗೋಡೆಗೆ ಆನಿಸಿ ಬಾಗಿಲಿಗೆ ಎದುರಾಗಿ ಕೂರಿಸುತ್ತೇವೆ. ಬಂದವರು ಮುಂದೆ ಕೂತು ಮಾತಾಡಿಸುತ್ತಾರೆ, ಅಳುತ್ತಾರೆ, ಇಷ್ಟು ಬೇಗ ಹೋದದ್ದಕ್ಕೆ ಬೈಯುತ್ತಾರೆ. ಮಣ್ಣಿಗೆ ಒಯ್ಯುವಾಗಲೂ ಕೂತಂತೆಯೇ ಒಯ್ಯುತ್ತೇವೆ, ಬಿದಿರು ಮತ್ತು ಹೂವಿನ ವಿಮಾನ ಕಟ್ಟಿ. ಅದಕ್ಕೂ ಮೊದಲು ಮಕ್ಕಳು ಮೊಮ್ಮಕ್ಕಳು ಸುತ್ತ ನಿಂತು ಒಂದು ಫೋಟೋ ತೆಗೆಸಿಕೊಳ್ಳುವುದು ರೂಢಿ. ಇಳಕಲ್ಲಿನ ನಮ್ಮ ಓಣಿಯಲ್ಲಿ ಅಂಥ ಫೋಟೋ ಇಲ್ಲದ ಗೋಡೆ ಕಡಿಮೆ. ಅದರ ಕೆಳಗೇ ಕೂತು ಉಂಡು, ಅಭ್ಯಾಸ ಬರೆದು, ಜಗಳಾಡಿ ಬೆಳೆದವರು ನಾವು. ಯಾರೂ ಹೆದರಿಕೊಂಡದ್ದು ನನಗೆ ನೆನಪಿಲ್ಲ.

ಅವ್ವನ ಬೇರೆ ಫೋಟೋಗಳು ಇರಲಿಲ್ಲವೆಂದಲ್ಲ. ಆಧಾರ್ ಕಾರ್ಡಿನಲ್ಲಿ ಒಂದಿತ್ತು, ಅದರಲ್ಲಿ ಆಕೆ ಏನೋ ಕದ್ದು ಸಿಕ್ಕಿಬಿದ್ದವಳ ಹಾಗೆ ಕಾಣುತ್ತಾಳೆ. ಮದುವೆ ಮನೆಗಳ ಫೋಟೋಗಳಲ್ಲಿ ಯಾರದೋ ಹೆಗಲ ಹಿಂದೆ ಅರ್ಧ ಮುಖ. ನಾನೇ ತೆಗೆದವುಗಳಲ್ಲಿ ಕುಣಿಮಗ್ಗದೊಳಗೆ ಕಾಲು ಇಳಿಬಿಟ್ಟು ಬಗ್ಗಿ ಕೂತಿದ್ದಾಳೆ, ಬೈತಲೆ ಮಾತ್ರ ಕಾಣುತ್ತದೆ. "ಏ, ಬಿಡಽ, ಎಳಿ ಹರೀತೈತಿ" ಎಂದು ತಲೆ ಎತ್ತದೆಯೇ ಬೈದದ್ದು ನೆನಪಿದೆ. ಜೀವಮಾನವಿಡೀ ಬಗ್ಗಿದ ಆ ಬೆನ್ನು ನೆಟ್ಟಗೆ ನಿಂತದ್ದು ಕೊನೆಯ ಫೋಟೋದಲ್ಲೇ. ದಾಳಿಂಬೆ ಬಣ್ಣದ ಸೀರೆ, ಅಂಚಿಗೆ ಗೋಮಿ ನಮೂನೆಯ ದಡಿ, ಆಕೆಯೇ ನೇಯ್ದು ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದದ್ದು. ಬಾಗಿಲ ಕಡೆ ಮುಖ ಮಾಡಿ, ಮನೆಯ ಯಜಮಾನಿಯಾಗಿ ಕೂತಿದ್ದಾಳೆ. ನನಗೆ ಅವ್ವ ಎಂದರೆ ಈಗ ಆ ಫೋಟೋ.

ಅದನ್ನು ನಾನು ಏರಿಸಿದ್ದು ನಮ್ಮದೇ ಸರ್ವರಿಗೆ. ನಾನು ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ವಿದ್ಯಾಗಿರಿಯ ನನ್ನ ಮನೆಯ ಪಡಸಾಲೆಯಲ್ಲಿ, ತಿಜೋರಿಯ ಪಕ್ಕ, ಒಂದು ಹಳೆಯ ಕಂಪ್ಯೂಟರ್ ಹಗಲಿರುಳು ಗುಂಯ್ ಎನ್ನುತ್ತಿರುತ್ತದೆ. ಇಳಕಲ್ಲು, ಕಮತಗಿ, ಹುನಗುಂದದ ಕಡೆಯ ನೇಕಾರ ಹೆಣ್ಣುಮಕ್ಕಳು ತಮ್ಮ ಸೀರೆಯ ಫೋಟೋ, ಸುಖದುಃಖ, ಒಬ್ಬರ ಮೇಲೊಬ್ಬರ ಚಾಡಿ ಎಲ್ಲವನ್ನೂ ಅದಕ್ಕೆ ಏರಿಸುತ್ತಾರೆ. ಮೊದಲು ಅವರೆಲ್ಲ ದೊಡ್ಡ ಕಂಪನಿಯೊಂದರ ಆ್ಯಪಿನಲ್ಲಿದ್ದರು. ಒಂದು ದಿನ ಅವರ ಪುಟವನ್ನು ಅದು ಮುಚ್ಚಿಹಾಕಿತು. ಯಾಕೆ ಎಂದು ಕೇಳಲು ಅಲ್ಲಿ ಒಬ್ಬ ಮನುಷ್ಯನೂ ಸಿಗಲಿಲ್ಲ. ಆಗ ನಾನು, ಯಾವ ಕಂಪನಿಯ ಹಂಗೂ ಬೇಡ ಎಂದು ಈ ಡಬ್ಬಿಯನ್ನು ಕಟ್ಟಿ ಕೂರಿಸಿದೆ.

ಇದರ ವ್ಯವಸ್ಥೆ ನೇಕಾರರಿಗೆ ಬೇಗ ತಿಳಿಯುತ್ತದೆ. ಕಂಪನಿಯ ಜಾಲವೆಂದರೆ ಒಂದೇ ದೊಡ್ಡ ಮಿಲ್ಲು, ಎಲ್ಲರೂ ಅದರೊಳಗೆ. ನಮ್ಮದು ಮನೆಗೊಂದು ಮಗ್ಗ ಇದ್ದಹಾಗೆ. ನಮ್ಮ ಸರ್ವರಿಗೆ ನಾನು ಕಾವಲು, ಇನ್ನೊಂದು ಊರಿನ ಸರ್ವರಿಗೆ ಇನ್ನಾರೋ. ಆದರೆ ಎಲ್ಲವೂ ಒಂದಕ್ಕೊಂದು ಮಾತಾಡುತ್ತವೆ. ಇಲ್ಲಿ ಏರಿಸಿದ ಫೋಟೋವನ್ನು ಮೊದಲು ನಮ್ಮ ಡಬ್ಬಿ ಸಣ್ಣದು ಮಾಡುತ್ತದೆ, ಯಾಕೆಂದರೆ ಈಗಿನ ಫೋನಿನ ಫೋಟೋಗಳು ಎಮ್ಮೆಯಷ್ಟು ಭಾರ. ಫೋಟೋದೊಳಗೆ ಅಡಗಿರುವ ಜಾಗದ ಗುರುತನ್ನು ತೆಗೆದುಹಾಕುತ್ತದೆ, ಯಾರ ಮನೆ ಎಲ್ಲಿದೆಯೆಂದು ಊರೆಲ್ಲ ತಿಳಿಯಬಾರದಲ್ಲ. ಆಮೇಲೆ ಬೇರೆ ಸರ್ವರುಗಳು ಬಂದು ತಮಗೊಂದು ಪ್ರತಿ ಒಯ್ದು ತಮ್ಮಲ್ಲಿ ಇಟ್ಟುಕೊಳ್ಳುತ್ತವೆ. ಇಂಥ ಮನೆಯ ಮಾತು ಬರಲಿ, ಫೋಟೋ ಬೇಡ ಎಂದು ಹೇಳುವ ಹಕ್ಕೂ ಪ್ರತಿ ಕಾವಲುಗಾರನಿಗಿದೆ. ಆ ಹಕ್ಕನ್ನು ನಾನೂ ಬಳಸಿದ್ದೇನೆ, ಕೊಳಕು ಚಿತ್ರ ಕಳಿಸುವ ಒಂದೆರಡು ಕಡೆಯವರ ಮೇಲೆ. ಅದೇ ಹಕ್ಕು ಒಂದು ದಿನ ನನ್ನ ಅವ್ವನ ಮೇಲೆ ಬೀಳುತ್ತದೆಂದು ಗೊತ್ತಿರಲಿಲ್ಲ.

ಪತ್ರ ಬರೆದವನು ಕನ್ನಡದವರು ಬಹಳ ಜನ ಇರುವ ಒಂದು ದೊಡ್ಡ ಸರ್ವರಿನ ಕಾವಲುಗಾರ. ನಮ್ಮ ಹೆಣ್ಣುಮಕ್ಕಳ ಸೀರೆ ನೋಡುವವರಲ್ಲಿ, ಮೆಚ್ಚುವವರಲ್ಲಿ, ಕೇಳಿ ತರಿಸಿಕೊಳ್ಳುವವರಲ್ಲಿ ಹೆಚ್ಚಿನವರು ಅಲ್ಲೇ ಇದ್ದಾರೆ. ನಾನು ಒಂದು ಸಾಲಿನ ಉತ್ತರ ಕೊಟ್ಟ ಮರುದಿನ ಬೆಳಿಗ್ಗೆ ಕಮತಗಿಯ ಒಬ್ಬಾಕೆ ಫೋನು ಮಾಡಿದಳು. ನನಗಿಂತ ಹತ್ತು ವರ್ಷ ಹಿರಿಯಳು. ನಾನು ಆಕೆಗೆ ಅಕ್ಕಾ ಎನ್ನುತ್ತೇನೆ, ಕಾಲೇಜಿನವಳೆಂದು ಆಕೆ ನನಗೆ, ಟೀಚರಿಗೆ ಅನ್ನುವ ಹಾಗೆ, ಬಾಯಾರ ಎನ್ನುತ್ತಾಳೆ.

"ಬಾಯಾರ, ನನ್ನ ಸೀರಿ ಯಾರಿಗೂ ಕಾಣವಲ್ವಂತ. ಬರೇ ಬೂದಿಬಣ್ಣದ ಚೌಕ ಕಾಣತೈತಂತ. ನಿಮ್ಮ ಡಬ್ಬಿಗೆ ಏನರ ಆಗೈತೇನ್ರಿ?"

ಡಬ್ಬಿಗೆ ಏನೂ ಆಗಿರಲಿಲ್ಲ. ಆ ಸರ್ವರು ನಮ್ಮ ಮನೆಯಿಂದ ಹೋಗುವ ಎಲ್ಲ ಫೋಟೋಗಳನ್ನೂ ಬಾಗಿಲಲ್ಲೇ ತಡೆದಿತ್ತು. ಹಿಂದೆ ಒಯ್ದಿದ್ದ ಪ್ರತಿಗಳನ್ನೂ ಎಸೆದಿತ್ತು. ಅವ್ವನದು ಒಂದೇ ಅಲ್ಲ, ಕಮತಗಿಯ ಅಕ್ಕ ಮೂರು ತಿಂಗಳು ಕೂತು ತೆಗೆದ ಹೊಸ ಬಣ್ಣದ ಸೀರೆಗಳನ್ನೂ.

ಪತ್ರದ ಕೆಳಗಿದ್ದ ನಂಬರಿಗೆ ಫೋನು ಮಾಡಿದೆ. ಜಗಳಕ್ಕೇ ಮಾಡಿದ್ದು, ಸುಳ್ಳು ಯಾಕೆ ಹೇಳಲಿ.

"ತಪ್ಪು ತಿಳ್ಕೋಬೇಡಿ ಮೇಡಂ," ಎಂದ. ಮೆತ್ತಗಿನ ದನಿ, ಬೆಂಗಳೂರು ಕಡೆಯ ಕನ್ನಡ. "ನಮ್ಮಲ್ಲಿ ಎಲ್ಲ ಥರದ ಜನ ಇದಾರೆ. ಊಟ ಮಾಡ್ತಾ ನೋಡ್ತಿರ್ತಾರೆ. ಇದ್ದಕ್ಕಿದ್ದಂಗೆ ಒಂದು ಹೆಣ ಕಂಡ್ರೆ..."

"ಹೆಣ ಅನ್ನಬ್ಯಾಡ್ರಿ. ಅಕಿ ನಮ್ಮವ್ವ."

"ಕ್ಷಮಿಸಿ, ಕ್ಷಮಿಸಿ. ನೀವು ಒಂದು ಟಿಕ್ ಹಾಕಿ, ಅಷ್ಟೇ. ಸೂಕ್ಷ್ಮ ಅಂತ. ಫೋಟೋ ಮಸುಕಾಗುತ್ತೆ. ನೋಡ್ಬೇಕು ಅನ್ನೋರು ಒತ್ತಿ ನೋಡ್ತಾರೆ. ನಾನು ಈಗ್ಲೇ ತಡೆ ತೆಗೀತೀನಿ."

"ಆ ಪರದೆ ಹಿಂದ ಇನ್ನೇನೇನ ಇಡತೀರಿ?"

"ಆಕ್ಸಿಡೆಂಟು, ರಕ್ತ... ಬಟ್ಟೆ ಇಲ್ಲದ ಚಿತ್ರಗಳು..."

"ಅವುಗಳ ಸಾಲಿನ್ಯಾಗ ನಮ್ಮವ್ವ ಕುಂದರಬೇಕಾ?"

"ರೂಲ್ ಎಲ್ಲರಿಗೂ ಒಂದೇ ಮೇಡಂ."

"ನಿಮಗ ನೋಡಾಕ ಆಗದಿದ್ರ ನಿಮ್ಮ ಬಾಗಲಕ್ಕ ನೀವು ಪರದೆ ಕಟಗೋರಿ. ಅದಕ್ಕೂ ಒಂದು ಗುಂಡಿ ಐತಿ, ನನಗೂ ಗೊತ್ತೈತಿ. ನನ್ನ ಮನ್ಯಾಗ ಬಂದು ಯಾಕ ಕಟ್ಟತೀರಿ?"

ಒಂದೊಂದೇ ಫೋಟೋ ನೋಡಿ ತೀರ್ಮಾನಿಸಲು ತಮ್ಮಲ್ಲಿ ಜನವಿಲ್ಲ ಎಂದ. ಅದು ನಿಜವಿರಬಹುದು, ನನ್ನಂತೆ ಅವನೂ ಸಂಬಳವಿಲ್ಲದೆ ಈ ಕೆಲಸಕ್ಕೆ ಕೂತವನು. ಆಮೇಲೆ ಆತ ಹೇಳಿದ ಮಾತು ಮಾತ್ರ ನನ್ನನ್ನು ಚುಚ್ಚಿತು.

"ಫೋಟೋ ಜೊತೆ ವಿವರಣೆನೇ ಇರ್ಲಿಲ್ಲ ಮೇಡಂ. ಯಾರು, ಯಾಕೆ ಹಿಂಗೆ ಕೂರ್ಸಿದಾರೆ, ಒಂದು ಮಾತೂ ಇಲ್ಲ. ನಮ್ಮ ಜನ ಏನಂತ ತಿಳ್ಕೋಬೇಕು?"

ಫೋನು ಇಟ್ಟು ನೋಡಿದೆ. ಹೌದು, ಇರಲಿಲ್ಲ. ನಮ್ಮ ಸರ್ವರಿನಲ್ಲಿ ಫೋಟೋ ಏರಿಸುವಾಗ ಅದರ ಜೊತೆ ನಾಲ್ಕು ಮಾತಿನ ವಿವರಣೆ ಬರೆಯಬೇಕೆಂದು ನಿಯಮ ಮಾಡಿದವಳು ನಾನೇ. ಕಣ್ಣು ಕಾಣದವರಿಗೆ ಫೋನು ಅದನ್ನು ಓದಿ ಹೇಳುತ್ತದೆ. ಬರೇ "ಸೀರಿ" ಎಂದು ಬರೆದು ಕಳಿಸಿದವರಿಗೆಲ್ಲ, ಸೀರಿ ಅಂದ್ರ ಏನ್ ತಿಳೀಬೇಕು, ಬಣ್ಣ ಹೇಳ್ರಿ, ದಡಿ ಹೇಳ್ರಿ ಎಂದು ಗದರಿಸಿದವಳೂ ನಾನೇ. ಅವ್ವನಿಗೆ ಮಣ್ಣು ಕೊಟ್ಟು ಬಂದ ಮರುದಿನ, ಯಾರಿಗೆ ಏನು ಹೇಳುವುದು, ನೋಡಿದರೆ ಗೊತ್ತಾಗುತ್ತದಲ್ಲ ಎಂದುಕೊಂಡು ಆ ಜಾಗವನ್ನು ಖಾಲಿ ಬಿಟ್ಟಿದ್ದೆ. ಕೂತಿರುವವಳನ್ನು ನೋಡಿದರೆ ನಮ್ಮ ಓಣಿಯವರಿಗೆ ಗೊತ್ತಾಗುತ್ತದೆ. ಜಗತ್ತೆಲ್ಲ ನಮ್ಮ ಓಣಿಯೇ ಎಂದು ತಿಳಿದದ್ದು ನನ್ನ ತಪ್ಪು, ಅದನ್ನು ಒಪ್ಪುತ್ತೇನೆ. ಪರದೆಯನ್ನು ಮಾತ್ರ ಒಪ್ಪುವುದಿಲ್ಲ.

ಆ ಭಾನುವಾರ ಇಳಕಲ್ಲಿಗೆ ಹೋದೆ. ಅಣ್ಣನ ಮನೆಯ ಕಟ್ಟೆಯ ಮೇಲೆ ಏಳೆಂಟು ಹೆಣ್ಣುಮಕ್ಕಳು ಬಂದು ಕೂತಿದ್ದರು. ವಿಷಯ ಎಲ್ಲರಿಗೂ ತಿಳಿದಿತ್ತು. ಯಾರೂ ಜೋರಾಗಿ ಮಾತಾಡಲಿಲ್ಲ, ಸಾವಾದ ಮನೆಯೆಂದು. ಕೊನೆಗೆ ಒಬ್ಬಾಕೆ ನೆಲ ನೋಡುತ್ತ ಹೇಳಿದಳು.

"ಹಬ್ಬ ಬರಾಕ ಹತ್ಯಾವ್ರಿ ಬಾಯಾರ. ಮಂದಿ ಸೀರಿ ನೋಡೂ ಹೊತ್ತಿದು. ಒಂದ ತಿಂಗಳಾ ಆ ಪರದೆ ಹಾಕಿಬಿಡ್ರಿ, ಆಮ್ಯಾಲ ತಗೀರಿ. ಅವ್ವಾರೇನು ಸಿಟ್ಟಾಗತಾರ?"

ಅಣ್ಣ ಆಕೆಯ ಮಾತಿಗೆ ಜೋಡಿಸಿದ. "ಖರೆ ಐತಿ. ಅವ್ವ ಜನ್ಮಾ ಪೂರ್ತಿ ತಲಿ ಮ್ಯಾಲ ಸೆರಗ ಹೊತಗೊಂಡಾಕಿ. ಹಿರ್ಯಾರು ಬಂದ್ರ ಒಳಗ ಹೋಗಾಕಿ. ಇನ್ನೊಂದು ಪರದೆ ಆಕಿಗೇನ ಮಹಾ? ನೀನ ಹಟಾ ಹಿಡದಿ."

ನನಗೆ ಮೈಯೆಲ್ಲ ಉರಿಯಿತು. "ಸೆರಗು ಅಕೀನ ಹೊತಗೊಂಡದ್ದೋ ಅಣ್ಣಾ. ಇದನ್ನ ಮಂದಿ ಹೊಚ್ಚಾಕ ಹತ್ಯಾರ. ಎರಡಕ್ಕೂ ಫರಕ್ ಗೊತ್ತಾಗೂದಿಲ್ಲೇನ ನಿನಗ?"

ಅಣ್ಣ ಎದ್ದು ಒಳಗೆ ಹೋದ. ಹೆಣ್ಣುಮಕ್ಕಳು ಚಹಾ ಕುಡಿದು ಒಬ್ಬೊಬ್ಬರೇ ಎದ್ದರು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವ್ವ ನನ್ನವಳು, ಹಟ ನನ್ನದು, ನಷ್ಟ ಮಾತ್ರ ಅವರದು. ಇದು ನನಗೆ ತಿಳಿಯದ ಮಾತಾಗಿರಲಿಲ್ಲ, ತಿಳಿದೇ ಹಟ ಹಿಡಿದಿದ್ದೆ.

ಬಾಗಲಕೋಟೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹುನಗುಂದ ದಾಟುವಾಗ ಫೋನು ತೆಗೆದು, ಖಾಲಿ ಬಿಟ್ಟ ಆ ಜಾಗದಲ್ಲಿ ಬರೆಯಲು ಕೂತೆ. ಅದರಲ್ಲಿ ಒಂದೂವರೆ ಸಾವಿರ ಅಕ್ಷರ ಹಿಡಿಯುತ್ತದೆ. ನಾನು ಒಂದನ್ನೂ ಬಿಡಲಿಲ್ಲ. ಇವಳು ನನ್ನ ಅವ್ವ, ತೀರಿಕೊಂಡಿದ್ದಾಳೆ ಎಂದು ಶುರುಮಾಡಿದೆ. ನಮ್ಮಲ್ಲಿ ಹೀಗೆ ಕೂರಿಸುತ್ತಾರೆ ಎಂದು ಬರೆದೆ. ಸೀರೆಯ ಬಣ್ಣ, ದಡಿ, ಹಣೆಯ ವಿಭೂತಿ, ಮಗ್ಗದ ಹಗ್ಗ ಜಗ್ಗಿ ಜಗ್ಗಿ ಗಟ್ಟಿಯಾದ ಬಲಗೈ ಹೆಬ್ಬೆರಳು, ಬಲಕ್ಕೆ ನಿಂತು ಮೂಗು ಒರೆಸಿಕೊಳ್ಳುತ್ತಿರುವವಳು ನಾನು ಎಂದೂ ಬರೆದೆ. ಅಮೀನಗಡದ ಹತ್ತಿರ ಅಕ್ಷರ ಮುಗಿದವು, ಅಳುವೂ ಬಂತು. ಪಕ್ಕದಲ್ಲಿ ಕೂತಿದ್ದ ಮುದುಕ, "ಯಾರ ಹೋದ್ರವಾ?" ಎಂದು ಕೇಳಿದ. ಅವ್ವ ಎಂದೆ. ಆತ ನನ್ನ ಫೋನು ಇಸಿದುಕೊಂಡು, ದೂರ ಹಿಡಿದು ಫೋಟೋ ನೋಡಿ, "ಚಲೋ ಕುಂತಾಳ" ಎಂದು ವಾಪಸು ಕೊಟ್ಟ.

ಮನೆಗೆ ಬಂದು ಸುಮ್ಮನೆ ನೋಡೋಣವೆಂದು, ಆ ದೊಡ್ಡ ಸರ್ವರಿನಲ್ಲಿದ್ದ ನನ್ನ ಹಳೆಯ ಖಾತೆಯನ್ನು ತೆರೆದೆ. ಅಲ್ಲಿ ಅವ್ವನ ಜಾಗದಲ್ಲಿ ಬೂದಿಬಣ್ಣದ ಚೌಕವೇ ಇತ್ತು. ಆದರೆ ಆ ಚೌಕದೊಳಗೆ ನನ್ನ ಒಂದೂವರೆ ಸಾವಿರ ಅಕ್ಷರ, ಒಂದೂ ಕಡಿಮೆಯಾಗದೆ ಬಂದು ಕೂತಿತ್ತು. ಅವರ ತಡೆ ಇದ್ದದ್ದು ಚಿತ್ರಕ್ಕೆ. ಚಿತ್ರದ ಬೆನ್ನಿಗಿದ್ದ ಮಾತನ್ನು ಯಾರೂ ತಡೆದಿರಲಿಲ್ಲ, ಅಂಥ ಮಾತು ಬಂದೀತೆಂದು ಯಾರೂ ಎಣಿಸಿರಲೂ ಇಲ್ಲ. ಅವ್ವ ಹೋದ ಮೇಲೆ ನಾನು ಮೊದಲ ಸಲ ನಕ್ಕದ್ದು ಅವತ್ತು.

ಕೂಡಲೇ ಎಲ್ಲ ಹೆಣ್ಣುಮಕ್ಕಳಿಗೂ ಹೇಳಿ ಕಳಿಸಿದೆ. ಸೀರೆ ಕಾಣದಿದ್ದರೆ ಹೋಗಲಿ, ಕೇಳುವಂತೆ ಬರೆಯಿರಿ ಎಂದು. ಒಬ್ಬಾಕೆ ತನ್ನ ಸೀರೆಯ ಹಸಿರನ್ನು ಎಳೆ ಮೆಂತ್ಯದ ಸೊಪ್ಪು ತೊಳೆದಿಟ್ಟ ಬಣ್ಣ ಎಂದು ಬರೆದಳು. ಇನ್ನೊಬ್ಬಾಕೆ ಸೆರಗಿನಲ್ಲಿ ನೇಯ್ದ ತೆನೆಯ ಚಿತ್ತಾರ ಎಷ್ಟು, ಯಾವ ತೆನೆ ನೇಯುವಾಗ ಗಂಡನ ಜೊತೆ ಜಗಳವಾಯಿತು ಎಂಬುದನ್ನೂ ಬರೆದಳು. ಅಲ್ಲಿಯ ಕೆಲವರು ಆ ಮಾತುಗಳನ್ನು ಓದಿ ಚಂದ ಇದೆ ಎಂದು ಉತ್ತರಿಸಿದರು. ಆದರೆ ಸೀರೆ ಕೊಳ್ಳುವವರಿಗೆ ಕಣ್ಣು ಬೇಕು. ಮಾತು ಕೇಳಿ ಮೆಚ್ಚಿದವರು ಫೋಟೋ ಎಲ್ಲಿ ಎಂದು ಕೇಳಿ ಸುಮ್ಮನಾಗುತ್ತಿದ್ದರು. ನನ್ನ ಗೆಲುವು ಅರ್ಧವೇ ಎಂದು ನನಗೆ ಗೊತ್ತಿತ್ತು.

ಮುಂದಿನ ವಾರ ಒಂದು ಮಧ್ಯಾಹ್ನ ಕಮತಗಿಯ ಅಕ್ಕ ಹೇಳದೆ ಕೇಳದೆ ವಿದ್ಯಾಗಿರಿಗೆ ಬಂದಳು. ಬಿಸಿಲಿಗೆ ಮುಖ ಕೆಂಪಾಗಿತ್ತು. ಬಗಲಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಚಪ್ಪಟೆ ಗಂಟು. ಹೊಸ ಸೀರೆ ತಂದಿದ್ದಾಳೆ, ಒಳ್ಳೆಯ ಫೋಟೋ ತೆಗೆಸಲು ಬಂದಿದ್ದಾಳೆ ಎಂದುಕೊಂಡೆ. ನೀರು ಕೊಟ್ಟೆ. ಆಕೆ ಕುಡಿದು, ಡಬ್ಬಿಯನ್ನು ಸ್ವಲ್ಪ ಹೊತ್ತು ನೋಡಿ, "ಇದನಾ?" ಎಂದಳು. ಇದೇ ಎಂದೆ.

ಆಕೆಯ ಮುಖ ನೋಡಿದ ಮೇಲೆ ನನಗೆ ತಡೆಯಲಾಗಲಿಲ್ಲ. ಆ ಬೂದಿಬಣ್ಣದ ಚೌಕಗಳಲ್ಲಿ ಎಲ್ಲರಿಗಿಂತ ಹೆಚ್ಚು ಸೀರೆ ಕಳೆದುಕೊಂಡವಳು ಆಕೆಯೇ. ಇಳಕಲ್ಲಿನ ಕಟ್ಟೆಯ ಮೇಲೆ ಅಣ್ಣನಿಗೆ ಕೊಡದ ಒಪ್ಪಿಗೆಯನ್ನು ಆಕೆ ಕೇಳುವ ಮೊದಲೇ ಕೊಟ್ಟುಬಿಟ್ಟೆ.

"ಅಕ್ಕಾ, ನಿಮ್ಮ ಮುಂದ ನನ್ನ ಹಟಾ ನಡಿಯೂದಿಲ್ರಿ. ಪರದೆ ಹಾಕತೇನಿ. ಈಗ, ನಿಮ್ಮ ಮುಂದನ ಹಾಕತೇನಿ."

ಫೋನು ಕೈಗೆ ತೆಗೆದುಕೊಂಡದ್ದೂ ಆಗಿತ್ತು. ಆಕೆ ನನ್ನ ಮಣಿಕಟ್ಟು ಹಿಡಿದಳು. ನೇಯ್ದ ಕೈ, ನೋವಾಗುವಷ್ಟು ಗಟ್ಟಿಯಾಗಿ ಹಿಡಿದಳು.

"ಹುಚ್ಚದೀರೇನ್ರಿ? ಪರದೆ ಹಾಕಸಾಕ ನಾ ಬಸ್ಸ ಹತ್ತಿ ಬಂದಿಲ್ಲ."

ಗಂಟು ಬಿಚ್ಚಿದಳು. ಒಳಗೆ ಕಟ್ಟು ಹಾಕಿಸಿದ ಒಂದು ಹಳೆಯ ಫೋಟೋ. ಕಪ್ಪುಬಿಳುಪಿನದು, ಅಂಚಿಗೆ ಗೆದ್ದಲು ಸ್ವಲ್ಪ ತಿಂದಿತ್ತು. ಗೋಡೆಗೆ ಆನಿಸಿ ಕೂರಿಸಿದ ಒಬ್ಬ ಮುದುಕಿ, ಹಣೆ ತುಂಬ ವಿಭೂತಿ, ಕೊರಳಲ್ಲಿ ಹೂವಿನ ಸರ. ಪಕ್ಕದಲ್ಲಿ ಸೆರಗು ಹೊದ್ದು ನಿಂತ ಸಣ್ಣ ಸೊಸೆ, ಅಕ್ಕನೇ ಅದು, ಗುರುತೇ ಸಿಗುವಂತಿಲ್ಲ.

"ನಮ್ಮತ್ತಿ. ಇದನ್ನ ಏರಸ್ರಿ."

ನಾನು ಅರ್ಥವಾಗದೆ ಆಕೆಯನ್ನೇ ನೋಡಿದೆ. "ಅಕ್ಕಾ, ಇದನ್ನೂ ಏರಿಸಿದ್ರ ಅವರು ತಡೆ ತಗಿಯೂದಽ ಇಲ್ಲ. ನಿಮ್ಮ ಸೀರಿ..."

"ಸೀರಿ ಇವತ್ತಿಲ್ಲಾ ನಾಳೆ ಹೋಗತಾವು. ನೀವು ಓದಿದವರು, ಒಂದ ಮಾತು ಹೇಳ್ರಿ. ಸತ್ತವರನ್ನ ಕುಂದರಿಸಿದ ಮ್ಯಾಲ ಬಾಜೂಕ ಯಾರೂ ಇಲ್ದಂಗ ಬಿಟ್ಟ ಏಳತೀವೇನು? ನಿಮ್ಮವ್ವ ಅಷ್ಟೂ ಮಂದಿ ನಡಕ ಒಬ್ಬಾಕೀನ ಕುಂತಾಳ. ಇಷ್ಟ ದಿನಾ ಆತು. ನನಗ ನೆಟ್ಟಗ ಊಟಾ ಹೋಗವಲ್ದು. ನಮ್ಮತ್ತಿ ಜೋಡಿಗಿರ್ಲಿ."

ಫೋಟೋವನ್ನು ಕಿಟಕಿಯ ಬೆಳಕಿಗೆ ತಂದು ನಿಲ್ಲಿಸಿದೆ. ಗಾಜಿನಲ್ಲಿ ನನ್ನ ಮುಖ, ಫೋನು ಹಿಡಿದ ನನ್ನ ಕೈ ಮೂಡುತ್ತಿದ್ದವು. "ಸರೀರಿ ಆಕಡೆ, ಅಕಿ ಮುಖಾ ಮುಚ್ಚಬ್ಯಾಡ್ರಿ" ಎಂದು ಆಕೆಯೇ ಕಟ್ಟನ್ನು ಸ್ವಲ್ಪ ವಾಲಿಸಿ ಹಿಡಿದಳು. ನಾಲ್ಕನೆಯ ಸಲಕ್ಕೆ ಸರಿಯಾದ ಫೋಟೋ ಬಂತು. ಏರಿಸಿದೆ. ವಿವರಣೆಯ ಜಾಗ ತೆರೆದುಕೊಂಡಿತು.

"ಏನ್ ಬರೀಲ್ರಿ?"

"ನಾ ಹೇಳತೇನಿ, ಬರೀರಿ. ಹೇಳಿದಂಗ ಬರೀಬೇಕು, ನಿಮ್ಮ ಕಾಲೇಜ ಕನ್ನಡ ಬ್ಯಾಡ."

ಆಕೆ ನೆಟ್ಟಗೆ ಕೂತು, ಯಾರಿಗೋ ಎದುರಿಗೇ ಹೇಳುವವಳಂತೆ ಹೇಳತೊಡಗಿದಳು. ನಾನು ಒಂದಕ್ಷರ ತಿದ್ದದೆ ಬರೆದುಕೊಂಡೆ. "ಇಕಿ ನಮ್ಮತ್ತಿ. ನಿದ್ದಿ ಮಾಡಿಲ್ಲ, ಸತ್ತಾಳ. ನನ್ನ ಭಾಳ ಕಾಡಿದಾಳ. ಆದ್ರ ಒಡಲಿಗೆ ಸೆರಗ ಜೋಡಸೂ ಕೊಂಡಿ ಹಾಕಾಕ ಕಲಿಸಿದಾಕಿ ಇಕೀನ, ಅದರಿಂದನ ನನ್ನ ಮನಿ ನಡದೈತಿ. ಇಕಿ ಯಾರನ್ನೂ ಹೆದರಿಸಾಕ ಕುಂತಿಲ್ಲ. ಮನಿಗೆ ಮಂದಿ ಬಂದಾರಂತ ಎದ್ದು ಕುಂತಾಳ. ನೋಡಾಕ ಮನಸಿಲ್ಲದವರು ಎದ್ದು ಹೋಗ್ರಿ. ಅಕೀನ್ನ ಏಳಸಬ್ಯಾಡ್ರಿ."

ಪರದೆಯ ಗುಂಡಿಯನ್ನು ಮುಟ್ಟದೆ ಕಳಿಸಿದೆ.